ಏಳನೇ ಟಾಂಕಿ

ಕೊಟ್ಟೂರಿನ ಹರಪನಹಳ್ಳಿ ರಸ್ತೆಯಲ್ಲಿ ಅಹಮದಸಾಬನ ಶೆಡ್ಡು ಎಂದರೆ ಸುತ್ತಲಿನ ಐವತ್ತು ಹಳ್ಳಿಗೆ ಗೊತ್ತಿತ್ತು. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವ ನೀರಿನ ಟಾಂಕಿ ಬೇಕೆಂದರೆ ಕೂಡ್ಲಿಗಿಯವರೂ ಅಲ್ಲಿಗೇ ಬರುತ್ತಿದ್ದರು, ಹಡಗಲಿಯವರೂ ಅಲ್ಲಿಗೇ ಬರುತ್ತಿದ್ದರು. ಅಹಮದಸಾಬ ತೀರಿಕೊಂಡು ಆರು ವರ್ಷವಾಗಿತ್ತು. ಶೆಡ್ಡಿನ ಹೆಸರು ಹಾಗೇ ಉಳಿದಿತ್ತು. ಈಗ ತಗಡು ಬಗ್ಗಿಸಿ ಬೆಸುಗೆ ಹಾಕುವವನು ಮಗ ಸರ್ಫರಾಜ. ಆ ಬೆಸುಗೆ ಗಟ್ಟಿಯೋ ಪೊಳ್ಳೋ ಎಂದು ಹೇಳುವವಳು ತಾಯಿ ಫಕೀರಬಿ.

ಬೆಸುಗೆ ಹಾಕುವುದು ಗಂಡಸರ ಕೆಲಸ, ಸೋರುತ್ತದೆಯೇ ಎಂದು ನೋಡುವುದು ಹೆಂಗಸರ ಕೆಲಸ. ಇದು ಆ ಮನೆಯಲ್ಲಿ ಅವಳ ಅತ್ತೆಯ ಕಾಲದಿಂದ ನಡೆದು ಬಂದದ್ದು. ಬೆಸುಗೆಯ ಹೊರಮೈಗೆ ಸುಣ್ಣ ಬಳಿದು ಒಣಗಿಸಬೇಕು. ಒಳಮೈಗೆ ಸೀಮೆಎಣ್ಣೆ ಹಚ್ಚಬೇಕು. ಆಮೇಲೆ ಕೂತು ಕಾಯಬೇಕು. ನೀರು ನುಸುಳಲಾರದ ಬಿರುಕಿನಲ್ಲೂ ಸೀಮೆಎಣ್ಣೆ ನುಸುಳುತ್ತದೆ. ಕೂದಲೆಳೆಯಷ್ಟು ದಾರಿ ಸಿಕ್ಕರೂ ಸಾಕು, ಹೊರಗೆ ಬಂದು ಬಿಳಿ ಸುಣ್ಣದ ಮೇಲೆ ಕಪ್ಪು ಚುಕ್ಕೆಯಾಗಿ ಅರಳುತ್ತದೆ. ಫಕೀರಬಿ ಒಂದು ಹಗಲು ಪೂರ್ತಿ ಕಾಯುತ್ತಿದ್ದಳು. ಬಾಯಲ್ಲಿ ಎಲೆಅಡಿಕೆ, ಸೊಂಟದಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ, ಕಣ್ಣು ಟಾಂಕಿಯ ಮೇಲೆ. ಸಂಜೆಯವರೆಗೂ ಚುಕ್ಕೆ ಬರದಿದ್ದರೆ ಎದ್ದು ಹೋಗಿ ಟಾಂಕಿಯ ಹೊಟ್ಟೆಯ ಮೇಲೆ ಬೆರಳಿನಿಂದ ಸುಣ್ಣದ ಮೂರು ಬೊಟ್ಟು ಇಡುತ್ತಿದ್ದಳು. ಆ ಮೂರು ಬೊಟ್ಟು ಕಾಣದೆ ಸರ್ಫರಾಜ ಬಣ್ಣದ ಡಬ್ಬಿಯ ಮುಚ್ಚಳ ಎತ್ತುವಂತಿರಲಿಲ್ಲ.

ಇಸವಿ ಎರಡು ಸಾವಿರದ ಎರಡು. ಬೇಸಿಗೆಯ ಒಂದು ಮಧ್ಯಾಹ್ನ ಧೂಳೆಬ್ಬಿಸಿಕೊಂಡು ಒಂದು ಜೀಪು ಬಂದು ಶೆಡ್ಡಿನ ಮುಂದೆ ನಿಂತಿತು. ಇಳಿದವನು ಓಬಳೇಶ, ಹೊಸಪೇಟೆಯ ಒಬ್ಬ ಗುತ್ತಿಗೆದಾರನ ಸೂಪರ್‌ವೈಸರ್. ನಿಂತಲ್ಲಿ ನಿಲ್ಲದ ಮನುಷ್ಯ. ಮಾತಾಡುವಾಗಲೂ ಕೈಕಾಲು ಕುಣಿಯುತ್ತಿದ್ದವು.

"ಬೂವಮ್ಮ, ನಿಮ್ಮ ಶೆಡ್ಡಿನ ನಸೀಬು ತೆರೀತು! ಅಣು ವಿದ್ಯುತ್ ಸ್ಥಾವರಕ್ಕ ಟಾಂಕಿ ಬೇಕಾಗ್ಯಾವ. ಹನ್ನೆರಡು ಟಾಂಕಿ! ದೇಶದಾಗ ಈಗ ಒಂದಲ್ಲ ಎರಡಲ್ಲ, ಎಲ್ಲಾ ಕಡಿ ಕಟ್ಟಾಕ ಹತ್ತ್ಯಾರ. ದೊಡ್ಡ ಕಾರ್ಖಾನಿಯವ್ರ ಕೈಲೆ ಆಗವಲ್ದು, ಅದಕ್ಕ ನಿಮ್ಮಂಥಾ ಕೈಗಳನ್ನ ಹುಡುಕ್ಕೊಂಡು ಬಂದೀನಿ."

ಸರ್ಫರಾಜ ಕೈಯಲ್ಲಿದ್ದ ಬೆಸುಗೆಯ ಮುಖವಾಡ ಕೆಳಗೆ ಬೀಳಿಸಿದ. ಫಕೀರಬಿ ಮಾತ್ರ ಎಲೆಗೆ ಸುಣ್ಣ ಸವರುತ್ತಾ ಕೇಳಿದಳು.

"ಟಾಂಕ್ಯಾಗ ಏನು ತುಂಬ್ತೀರಪ್ಪ? ಅಣು ತುಂಬ್ತೀರೇನು?"

ಓಬಳೇಶ ನಕ್ಕುಬಿಟ್ಟ. "ಡೀಸೆಲ್ ಬೂವಮ್ಮ, ಬರೇ ಡೀಸೆಲ್. ಕರೆಂಟ್ ಹೋದಾಗ ಜನರೇಟರ್ ಓಡಬೇಕಲ್ಲ, ಅದಕ್ಕ."

"ಕರೆಂಟ್ ಮಾಡೋ ಊರಾಗೂ ಕರೆಂಟ್ ಹೋಗ್ತೈತಾ? ಹಂಗಾದ್ರ ನಮ್ಮ ಕೊಟ್ಟೂರು ಯಾವ ಲೆಕ್ಕ!"

ಶೆಡ್ಡಿನ ಮುಂದೆ ಸೇರಿದ್ದವರೆಲ್ಲ ಗೊಳ್ಳೆಂದರು. ಓಬಳೇಶನೂ ನಕ್ಕ. ಆಮೇಲೆ ಅವನು ಹೇಳಿದ ಮಾತು ಫಕೀರಬಿಯ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಅಣುವಿನ ಒಲೆ ಎಲ್ಲ ಒಲೆಯಂತಲ್ಲ. ಆರಿಸಿದ ಮೇಲೂ ದಿನಗಟ್ಟಲೆ ಒಳಗಿನ ಕಾವು ಇಳಿಯುವುದಿಲ್ಲ. ಅದರ ಸುತ್ತ ನೀರು ತಿರುಗುತ್ತಲೇ ಇರಬೇಕು. ನೀರು ತಿರುಗಿಸಲು ಮೋಟಾರು, ಮೋಟಾರಿಗೆ ಕರೆಂಟು. ಹೊರಗಿನ ಕರೆಂಟು ಹೋಯಿತೋ, ಆ ಗಳಿಗೆಗೇ ಜನರೇಟರ್ ಎದ್ದು ಓಡಬೇಕು.

"ಅಂದ್ರ ಒಲಿ ಆರಿಸಿದ್ರೂ ಬೂದಿಯೊಳಗ ಕೆಂಡ ಇರ್ತೈತಿ ಅನ್ನು. ಡೀಸೆಲ್ ಸಿಗಲಿಲ್ಲ ಅಂದ್ರ?"

"ಸಿಗಲಿಲ್ಲ ಅನ್ನೋ ಮಾತಿಲ್ಲ ಬೂವಮ್ಮ. ಅದಕ್ಕ ಅಲ್ಲೇನು ನಿಮ್ಮ ಟಾಂಕಿ."

ಆ ವಾರ ಕೊಟ್ಟೂರಿನ ತುಂಬ ಅದೇ ಸುದ್ದಿ. ಫಕೀರಬಿ ಸಂತೆಗೆ ಹೋದರೆ ಚಹದಂಗಡಿಯ ಉಜ್ಜಿನಪ್ಪ ಕೂಗುತ್ತಿದ್ದ: "ಏನ್ ಫಕೀರಬೀ, ಬಾಂಬ್ ಮಾಡಾಕ ಹತ್ತೀರಂತ?" ಇವಳು ನಿಂತು ಉತ್ತರ ಕೊಡುತ್ತಿದ್ದಳು: "ಹೂಂ ಉಜ್ಜಿನಪ್ಪ, ಮೊದಲನೇದು ನಿನ್ನ ಅಂಗಡಿ ಮುಂದ ಹಾರಿಸಿ ನೋಡಬೇಕು ಅಂತ ಮಾಡೀವಿ. ಚಹಾ ಅಷ್ಟ್ರಾಗ ಕುದ್ದಿರ್ತೈತಿ." ಬಾಯಲ್ಲಿ ತಮಾಷೆ, ಒಳಗೆ ಹೆಮ್ಮೆ. ನೀರಿನ ಟಾಂಕಿ ಮಾಡುವ ನಮ್ಮ ಶೆಡ್ಡು ಎಲ್ಲಿ, ಎರಡು ದಿನದ ಲಾರಿ ದಾರಿ ದಾಟಿ ಇನ್ನೊಂದು ರಾಜ್ಯದಲ್ಲಿ ಏಳುತ್ತಿರುವ ಅಂಥ ಸ್ಥಾವರ ಎಲ್ಲಿ ಎಂದು ನೆನೆದಾಗೆಲ್ಲ ಅವಳ ಎದೆ ಉಬ್ಬುತ್ತಿತ್ತು.

ಮೊದಲ ಟಾಂಕಿ ಮುಗಿದಾಗ ಇನ್‌ಸ್ಪೆಕ್ಟರ್ ಬಂದ. ಹಾಲಸ್ವಾಮಿ ಎಂದು ಹೆಸರು. ಐವತ್ತರ ಹತ್ತಿರದ ಶಾಂತ ಮನುಷ್ಯ, ಕನ್ನಡಕ, ಹೆಗಲಿಗೆ ಒಂದು ಚೀಲ. ಮಾಡುವವರು ಒಬ್ಬರಾದರೆ ನೋಡುವವರು ಇನ್ನೊಬ್ಬರಿರಬೇಕು ಎಂಬುದು ಸ್ಥಾವರದ ಕಟ್ಟಳೆ. ಇವನು ಕಣ್ಣಾರೆ ನೋಡಿ ರುಜು ಹಾಕಿದ ಮೇಲೇ ಬಣ್ಣ, ಬಣ್ಣದ ಮೇಲೇ ಲಾರಿ. ಫಕೀರಬಿ ಸುಣ್ಣ ಬಳಿಯುವುದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ.

"ಅಮ್ಮಾರ, ನಮ್ಮ ದೊಡ್ಡ ಪುಸ್ತಕದಾಗೂ ಇದೇ ಪರೀಕ್ಷೆ ಬರೆದಿದೆ ನೋಡ್ರಿ. ಆದ್ರೆ ನೀವು ಕಾಯೋದು ಪುಸ್ತಕಕ್ಕಿಂತ ಜಾಸ್ತಿ."

"ಪುಸ್ತಕ ಬರದವ್ರಿಗೆ ಬ್ಯಾರೆ ಕೆಲಸ ಇದ್ದಿರಬೇಕು ಸಾಹೇಬ್ರ. ನನಗೇನೈತಿ, ಎಲಿಅಡಿಕಿ ಇದ್ರ ಸಾಕು."

ಅವನು ಬಾಯ್ತುಂಬ ನಕ್ಕು ಆ ದಿನವಿಡೀ ಕೂತ. ಎರಡನೆಯದಕ್ಕೆ ಅರ್ಧ ದಿನ ಕೂತ. ನಾಲ್ಕನೆಯದಕ್ಕೆ ಬಂದಾಗ ಕೂರಲಿಲ್ಲ. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. "ಮೊದಲು ಎಂಟು ಶೆಡ್ಡು ನೋಡ್ಕೊಂತಿದ್ದೆ ಅಮ್ಮಾರ. ಈಗ ಮೂವತ್ತೆರಡು. ಕೆಲಸ ನಾಲ್ಕು ಪಟ್ಟು ಆತು, ನಾನು ಒಬ್ಬನೇ ಉಳಿದೆ" ಎಂದು ನಿಂತಲ್ಲೇ ನೀರು ಕುಡಿದು, ಮೂರು ಬೊಟ್ಟು ನೋಡಿ, ರುಜು ಹಾಕಿ ಹೊರಟ. ಆರನೆಯದಕ್ಕೆ ಬಂದಾಗ ಏಳು ಮತ್ತು ಎಂಟರ ಕಾಗದಕ್ಕೂ ಮುಂಚಿತವಾಗಿ ರುಜು ಹಾಕಿಬಿಟ್ಟ.

"ಇದೇನ್ರಿ ಸಾಹೇಬ್ರ, ಟಾಂಕಿ ಇನ್ನೂ ತಗಡಾಗೇ ಐತಿ" ಎಂದಳು ಫಕೀರಬಿ.

"ನೀವು ಇದ್ದೀರಲ್ಲ ಅಮ್ಮಾರ. ನಿಮ್ಮ ಮೂರು ಬೊಟ್ಟು ಇದ್ದರೆ ನನ್ನ ರುಜು ಇದ್ದಂಗೆ."

ಆ ಮಾತು ಕೇಳಿ ಅವಳಿಗೆ ಖುಷಿಯಾಯಿತು. ಆ ಖುಷಿಯಲ್ಲಿ ಅವಳು ಮಾತು ಬೆಳೆಸಲಿಲ್ಲ. ಅದೊಂದು ತಪ್ಪು ಅವಳದೇ ಎಂದು ಮುಂದೆ ಎಷ್ಟೋ ಜನರ ಮುಂದೆ ಅವಳೇ ಹೇಳಿಕೊಂಡಳು.

ಏಳನೇ ಟಾಂಕಿಯ ಬೆಸುಗೆ ನಡೆದಿದ್ದಾಗ ಹಗರಿಬೊಮ್ಮನಹಳ್ಳಿಯಿಂದ ಮಗಳು ಸೈಮಾಳ ಕರೆ ಬಂತು. ಮೊಮ್ಮಗಳು ನೂರೀನಳ ಕೂದಲು ತೆಗೆಯುವ ಶಾಸ್ತ್ರ, ಅಜ್ಜಿ ಇಲ್ಲದೆ ಆಗುತ್ತದೆಯೇ? "ಎರಡು ದಿನ ಬಿಟ್ಟು ಬರ್ತೀನಿ. ಅಲ್ಲೀವರಿಗೆ ಬಣ್ಣ ಮುಟ್ಟಬ್ಯಾಡ" ಎಂದು ಮಗನಿಗೆ ಹೇಳಿ ಬಸ್ಸು ಹತ್ತಿದಳು.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಸ್ಸಿಳಿದು, ಬುತ್ತಿಯ ಗಂಟು ಹಿಡಿದು ಶೆಡ್ಡಿಗೆ ಬಂದರೆ ಏಳನೇ ಟಾಂಕಿ ಇದ್ದ ಜಾಗ ಖಾಲಿ.

"ಟಾಂಕಿ ಎಲ್ಲೋ?"

"ಹೋತಮ್ಮಾ!" ಸರ್ಫರಾಜನ ಮುಖದಲ್ಲಿ ಗೆಲುವು. "ಮೇಲಿಂದ ಅವಸರ ಬಂತಂತ. ಓಬಳೇಶಣ್ಣ ನಿನ್ನೆ ಬಂದು ಕೂತ. ಬಣ್ಣ ಬಳಿದು ಮುಗಿಸಿದ್ವಿ. ಈಗಷ್ಟ ಒಂಬತ್ತಕ್ಕ ಸೋಮಪ್ಪನ ಲಾರ್‍ಯಾಗ ಏರಿಸಿ ಕಳಿಸಿದ್ವಿ."

"ಸುಣ್ಣ ಯಾರು ಬಳಿದ್ರು?"

"ಕಾಗದಕ್ಕ ರುಜು ಮೊದಲೇ ಆಗಿತ್ತಲ್ಲಮ್ಮಾ. ಓಬಳೇಶಣ್ಣ ಅಂದ, ಸಾಹೇಬ್ರು ನೋಡ್ಯಾರಂದ್ರ ಮುಗೀತು ಅಂತ. ನೀರು ತುಂಬಿ ನೋಡಿದೆ. ಒಂದು ಹನಿ ಇಲ್ಲ."

ಫಕೀರಬಿ ಶೆಡ್ಡಿನೊಳಗೆ ಕಣ್ಣು ಹಾಯಿಸಿದಳು. ಮೂಲೆಯ ಕಲ್ಲಿನ ಮೇಲೆ ಒಂದು ಮಣ್ಣಿನ ಬಟ್ಟಲು. ಬಟ್ಟಲ ತಳದಲ್ಲಿ ಒಣಗಿದ ಕೆಂಪು ರಾಡಿ. ಪಕ್ಕದಲ್ಲಿ ಅರದ ಪುಡಿ. ಅವಳು ಬಟ್ಟಲನ್ನು ಮೂಗಿಗೆ ಹಿಡಿದಳು. ಆ ಘಾಟು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ತವರಿನವರು ನವಸಾಗರ ಉಜ್ಜಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು.

"ಅಟ್ಟದ ಮ್ಯಾಲಿಂದ ನವಸಾಗರ ಯಾಕ ಇಳಿಸೀಲೇ?"

ಸರ್ಫರಾಜನ ಗೆಲುವು ಅಲ್ಲಿಗೇ ಇಳಿಯಿತು. "ಒಂದು ಸೂಜಿಮೊನಿ ಅಷ್ಟು ತೂತಮ್ಮಾ. ತಳದ ವೆಲ್ಡಿಂಗಿನಾಗ. ನೀರು ಜಿನುಗ್ತಿತ್ತು. ಗ್ರೈಂಡರ್ ಹಿಡಿದು ಎಲ್ಲಾ ತೆಗೆದು ಮತ್ತೆ ಹಾಕಬೇಕಂದ್ರ ಕರೆಂಟ್ ಇರಲಿಲ್ಲ, ಓಬಳೇಶಣ್ಣ ತಲಿ ಮ್ಯಾಲೆ ನಿಂತಿದ್ದ. ಅಪ್ಪ ಮಾಡ್ತಿದ್ದಂಗ ಮಾಡಿದೆ."

ಅಪ್ಪ ಮಾಡುತ್ತಿದ್ದುದು ನಿಜ. ನೀರಿನ ಟಾಂಕಿಯಲ್ಲಿ ಸಣ್ಣ ತೂತು ಉಳಿದರೆ ನವಸಾಗರ, ಅರದ ಪುಡಿ, ಉಪ್ಪುನೀರು ಕಲಸಿ ಅಲ್ಲಿಗೆ ಮೆತ್ತುವುದು. ಒಂದೇ ದಿನದಲ್ಲಿ ತುಕ್ಕು ಉಬ್ಬಿ ತೂತು ಮುಚ್ಚುತ್ತದೆ. ನೀರು ಸೋಕಿದಷ್ಟೂ ತುಕ್ಕು ಬೆಳೆದು ಇನ್ನೂ ಗಟ್ಟಿಯಾಗುತ್ತದೆ. ಕೊಟ್ಟೂರಿನ ಸುತ್ತ ಓಡಾಡುವ ಎಷ್ಟೋ ಟಾಂಕಿಗಳು ಹತ್ತು ವರ್ಷದಿಂದ ಅದೇ ತುಕ್ಕಿನ ಮೇಲೆ ನಿಂತಿವೆ.

"ನೀರಿಗೆ ಸರಿ ಮಗನ. ಡೀಸೆಲ್‌ಗ ತುಕ್ಕು ಬೆಳೀತೈತೇನು? ಎಣ್ಣಿ ಅದನ್ನ ಒಣಗಿಸಿ ಪುಡಿ ಮಾಡ್ತೈತಿ. ನಮ್ಮಪ್ಪ ಒಂದ್ಸಲ ರೇಷನ್ ಅಂಗಡಿಯ ಸೀಮಿಎಣ್ಣಿ ಡ್ರಮ್ಮಿಗೆ ಹಿಂಗೇ ಮೆತ್ತಿ, ನಾಲ್ಕೇ ದಿನಕ್ಕ ಅಂಗಡಿ ಎಲ್ಲಾ ಹೊಳಿ ಆತು. ಒಳಗ ಉದುರಿದ ಪುಡಿ ಎಲ್ಲಿಗೆ ಹೋಗ್ತೈತಿ ಹೇಳು? ಜನರೇಟರಿನ ಪೈಪಿನಾಗ ಹೋಗಿ ಕೂಡ್ತೈತಿ. ಅಲ್ಲಿ ಕರೆಂಟ್ ಹೋಗಿರ್ತೈತಿ, ಕೆಂಡ ಒಳಗ ಉರೀತಿರ್ತೈತಿ, ಜನರೇಟರ್ ಕೆಮ್ಮಿ ನಿಲ್ತೈತಿ. ಆಗ ಯಾರು ಓಡ್ತಾರ, ನೀನು ಓಡ್ತೀಯಾ ಬಕೇಟು ಹಿಡ್ಕೊಂಡು?"

ಸರ್ಫರಾಜ ತಲೆ ತಗ್ಗಿಸಿದ. ಫಕೀರಬಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಗಾಡಿ ತೆಗಿ."

"ಯಾವ ಗಾಡಿ?"

"ನಿನ್ನ ಯಜ್ದಿ. ಇನ್ಯಾವುದೈತಿ ನಮ್ಮನ್ಯಾಗ, ವಿಮಾನ?"

ಐವತ್ತೆಂಟು ವರ್ಷದ ಫಕೀರಬಿ ಮೋಟಾರ್ ಸೈಕಲ್ ಮೇಲೆ ಒಂದು ಕಡೆ ಕಾಲು ಇಳಿಬಿಟ್ಟು ಕೂತು, ಒಂದು ಕೈಯಲ್ಲಿ ಮಗನ ಅಂಗಿ, ಇನ್ನೊಂದು ಕೈಯಲ್ಲಿ ಇನ್ನೂ ಬಿಚ್ಚದ ಬುತ್ತಿ ಗಂಟು ಹಿಡಿದು ಕೊಟ್ಟೂರಿನ ಬೀದಿಯಲ್ಲಿ ಹೋದದ್ದನ್ನು ಕಂಡವರು ಆ ವರ್ಷವೆಲ್ಲ ಹೇಳಿಕೊಂಡು ನಕ್ಕರು. ಉಜ್ಜಿನಪ್ಪ ಚಹದ ಸೋಸಣಿಗೆ ಹಿಡಿದುಕೊಂಡೇ ರಸ್ತೆಗೆ ಬಂದ.

"ಲಾರಿ ಯಾವ ಕಡಿ ಹೋತು ಉಜ್ಜಿನಪ್ಪ? ಹಸಿರು ಟಾಂಕಿ?"

"ಬೊಮ್ಮನಹಳ್ಳಿ ಕಡಿ ಹೋಗಬೇಕಿತ್ತಲ್ಲ. ಅದು ಹರಪನಹಳ್ಳಿ ಕಡಿ ಹೋತು. ಯಾಕಂತ ಗೊತ್ತಿಲ್ಲ ನೋಡು."

ಫಕೀರಬಿಗೆ ಗೊತ್ತಿತ್ತು. ಡ್ರೈವರ್ ಸೋಮಪ್ಪನ ಮನೆ ಹಿರೇಹಡಗಲಿ. ಆ ಭಾಗಕ್ಕೆ ಯಾವ ಲೋಡು ಸಿಕ್ಕರೂ ಅವನು ಸುತ್ತು ಹಾಕಿ ಮನೆಯಲ್ಲಿ ಉಂಡೇ ಮುಂದೆ ಹೋಗುವವನು. ಹೆಂಡತಿ ಪಾಲಮ್ಮನ ಕೈಯ ರೊಟ್ಟಿ ಬಿಟ್ಟು ಹೋಟೆಲಿನ ಅನ್ನ ಅವನಿಗೆ ಇಳಿಯುವುದಿಲ್ಲ ಎಂದು ಲಾರಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಅವನು ಉಂಡು ಏಳುವುದರೊಳಗೆ ಹಿಡಿಯಬೇಕು. ಹೊಳೆ ದಾಟಿದನೋ, ಆಮೇಲೆ ಅವನು ಎಲ್ಲೂ ನಿಲ್ಲುವವನಲ್ಲ.

ಯಜ್ದಿ ಹಾರಿತು. ಎಡಬಲದ ಹೊಲಗಳು, ಕುರಿಹಿಂಡು, ಜಾಲಿಗಿಡ ಎಲ್ಲ ಹಿಂದಕ್ಕೆ ಓಡಿದವು. ಒಂದು ತಗ್ಗಿಗೆ ಗಾಡಿ ಕುಪ್ಪಳಿಸಿದಾಗ ಬುತ್ತಿಯ ಗಂಟಿನಿಂದ ಶಾಸ್ತ್ರದ ಮಿಠಾಯಿ ಚೆಲ್ಲಾಡಿತು.

"ನಿಲ್ಲಸ್ಲೇನಮ್ಮಾ?"

"ಇರುವಿ ತಿನ್ನಲಿ. ನಡಿ!"

ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿಯ ಮುಂದೆ ಓಬಳೇಶನ ಜೀಪು ಕಂಡಿತು. ಒಳಗೆ ಓಬಳೇಶನೂ ಇನ್‌ಸ್ಪೆಕ್ಟರ್ ಹಾಲಸ್ವಾಮಿಯೂ ಎದುರಾಬದುರು ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಆ ದಿನ ಹಾಲಸ್ವಾಮಿಗೆ ಅದೇ ಊರಿನಲ್ಲಿ ಮೂರು ಶೆಡ್ಡು ನೋಡುವುದಿತ್ತು. ಧೂಳು ಮೆತ್ತಿದ ಮುಖದ ಫಕೀರಬಿ ಒಳಗೆ ಬಂದು ಅವನ ಮುಂದೆ ನಿಂತಳು.

"ಸಾಹೇಬ್ರ, ಏಳನೇ ಟಾಂಕಿಗೆ ನಾನು ಬೊಟ್ಟು ಇಟ್ಟಿಲ್ಲ."

ಹಾಲಸ್ವಾಮಿ ಬಾಯಿಗೆ ಎತ್ತಿದ್ದ ಮೆಣಸಿನಕಾಯಿ ಅಲ್ಲೇ ನಿಂತಿತು. "ಇಟ್ಟಿಲ್ಲ ಅಂದ್ರೆ?"

"ನಾನು ಊರಾಗ ಇರಲಿಲ್ಲ. ಸುಣ್ಣ ಬಳಿದಿಲ್ಲ, ಎಣ್ಣಿ ಹಚ್ಚಿಲ್ಲ. ನೀವು ನಾನು ನೋಡೀನಿ ಅನ್ಕೊಂಡ್ರಿ, ಇವ್ರು ನೀವು ನೋಡೀರಿ ಅನ್ಕೊಂಡ್ರು. ಯಾರೂ ನೋಡಿಲ್ಲ. ತೂತಿಗೆ ನನ್ನ ಮಗ ನವಸಾಗರ ಮೆತ್ತ್ಯಾನ."

ಓಬಳೇಶ ತಟ್ಟೆ ಸರಿಸಿ ಎದ್ದ. "ಬೂವಮ್ಮ, ಕುಂದ್ರಿ, ನೀರು ಕುಡೀರಿ. ಅಂಥಾದ್ದೇನೂ ಆಗಿಲ್ಲ. ನೀರು ತುಂಬಿಸಿ ನನ್ನ ಕಣ್ಣಾಗ ನಾನು ನೋಡೀನಿ. ಕಾಗದ ಆಗೇತಿ, ಲಾರಿ ಹೋಗೇತಿ. ಈಗ ವಾಪಸ್ ಅಂದ್ರ ಅಲ್ಲಿ ಕೆಲಸ ನಿಲ್ತೈತಿ, ಮೇಲಿನವ್ರು ನನ್ನ ಚರ್ಮ ಸುಲಿತಾರ. ಉಳಿದ ಐದು ಟಾಂಕಿ ನಿಮ್ಮ ಶೆಡ್ಡಿಗೆ ಬೇಕೋ ಬ್ಯಾಡೋ, ಅಷ್ಟು ವಿಚಾರ ಮಾಡ್ರಿ."

"ವಿಚಾರ ಮಾಡೇ ಬಂದೀನಿ" ಎಂದಳು ಫಕೀರಬಿ. ಅವಳ ಕಣ್ಣು ಹಾಲಸ್ವಾಮಿಯ ಮೇಲೇ ಇತ್ತು. ಅವನ ರುಜು ಆ ಕಾಗದದ ಮೇಲಿದೆ. ಟಾಂಕಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ವಾಪಸು ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಎದುರಿಗಿದ್ದ ಮನುಷ್ಯನ ಮುಖದಲ್ಲಿ ಆ ಲೆಕ್ಕಾಚಾರ ನಡೆಯುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು.

ಹಾಲಸ್ವಾಮಿ ಕೈ ತೊಳೆದುಕೊಂಡ. ಕನ್ನಡಕ ಒರೆಸಿಕೊಂಡ.

"ಜೀಪಿನ ಕೀಲಿ ಕೊಡು ಓಬಳೇಶ. ಇಲ್ಲಾ ನೀನೇ ಓಡಿಸು. ನಡೀರಿ ಅಮ್ಮಾರ."

ಹಿರೇಹಡಗಲಿಗೆ ಮುಂದೆ ಯಜ್ದಿ, ಹಿಂದೆ ಜೀಪು. ಊರ ಬಾಗಿಲಲ್ಲಿ ತಿರುಗುತ್ತಿದ್ದಂತೆ ಬೇವಿನ ಮರದ ಕೆಳಗೆ ಹಸಿರು ಟಾಂಕಿ ಹೊತ್ತ ಲಾರಿ ಕಂಡಿತು. ಇಂಜಿನ್ ಗುರುಗುಟ್ಟುತ್ತಿತ್ತು! ಸೋಮಪ್ಪ ಉಂಡು ಮುಗಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಸರ್ಫರಾಜ ಯಜ್ದಿಯನ್ನು ನೇರ ಲಾರಿಯ ಮೂತಿಗೆ ಅಡ್ಡ ನಿಲ್ಲಿಸಿದ.

"ಏ ಸೋಮಪ್ಪ, ಇಳಿ!" ಫಕೀರಬಿ ಕೂಗಿದಳು.

"ಯಾಕವ್ವ, ನಾನೇನು ಕದ್ದೀನಿ?"

"ನೀನಲ್ಲ, ನಾವೇ ಕದ್ದೀವಿ. ಇಂಜಿನ್ ಬಂದ್ ಮಾಡು. ನಿನ್ನ ಡಬ್ಯಾಗ ಡೀಸೆಲ್ ಎಷ್ಟೈತಿ?"

"ಒಂದು ಕ್ಯಾನು ಐತಿ."

"ಅದನ್ನ ಟಾಂಕ್ಯಾಗ ಸುರುವು."

ಪಾಲಮ್ಮ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು. "ಒಂದು ದಿನ ನೆಟ್ಟಗ ಊಟ ಮಾಡಿ ಹೊಂಟ್ರ ಊರೇ ಬಂತು ನೋಡು ಬೆನ್ನಿಗೆ" ಎಂದಳು ಗಂಡನಿಗೆ. ಆ ಹೊತ್ತಿಗೆ ಊರೇ ಬಂದಿತ್ತು ಕೂಡ. ಹೊಲಕ್ಕೆ ಹೊರಟವರು, ಕುರಿ ಬಿಟ್ಟು ಬಂದವರು, ಕಟ್ಟೆಯ ಮೇಲೆ ಕೂತಿದ್ದವರು, ಎಲ್ಲ ಲಾರಿಯ ಸುತ್ತ ಸೇರಿದರು.

ತೂತು ಎಲ್ಲಿ ಎಂದು ತೋರಿಸಬೇಕಾದವನು ಸರ್ಫರಾಜ. ಹಸಿರು ಬಣ್ಣದ ಕೆಳಗೆ ಎಲ್ಲ ಒಂದೇ ತರ ಕಾಣುತ್ತಿತ್ತು. ಅವನು ಲಾರಿ ಹತ್ತುವಾಗ ಓಬಳೇಶ ಅವನ ತೋಳು ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದ. ಫಕೀರಬಿಗೆ ಅದು ಕೇಳಿಸಿತು: "ಬ್ಯಾರೆ ಕಡಿ ತೋರ್ಸು ತಮ್ಮಾ. ಹತ್ತು ನಿಮಿಷದಾಗ ಎಲ್ಲಾ ಮನಿಗೆ ಹೋಗ್ತಾರ. ಐದು ಟಾಂಕಿ ನಿಂದೇ." ಅವಳು ಮಗನನ್ನೇ ನೋಡುತ್ತ ನಿಂತಳು. ಆ ಒಂದು ಗಳಿಗೆ ಕೊಟ್ಟೂರಿನಿಂದ ಬಂದ ದಾರಿಗಿಂತ ಉದ್ದವಾಗಿತ್ತು.

ಸರ್ಫರಾಜ ತೋಳು ಬಿಡಿಸಿಕೊಂಡು ಟಾಂಕಿಯ ಹಿಂಬದಿಗೆ ಹೋಗಿ, ತಳದ ಬೆಸುಗೆಯ ಮೇಲೆ ಒಂದು ಗೇಣು ಜಾಗಕ್ಕೆ ಬೆರಳಿಟ್ಟ. "ಇಲ್ಲೈತಿ." ತಾನೇ ಚಾಕು ತೆಗೆದುಕೊಂಡು ಬಣ್ಣ ಕೆರೆದ. ಫಕೀರಬಿ ಸೊಂಟದಿಂದ ಎಲೆಅಡಿಕೆಯ ಸುಣ್ಣದ ಡಬ್ಬಿ ತೆಗೆದು, ನೀರು ಬೆರೆಸಿ, ತೆಳ್ಳಗೆ ಸವರಿದಳು. ಬಿಸಿಲಿಗೆ ಸುಣ್ಣ ನೋಡುನೋಡುತ್ತಿದ್ದಂತೆ ಬೆಳ್ಳಗೆ ಒಣಗಿತು. ಸೋಮಪ್ಪ ಮೇಲಿನ ಬಾಯಿಂದ ಡೀಸೆಲ್ ಸುರಿದ. ಅದು ಒಳಗೆ ತಳಕ್ಕೆ ಇಳಿದು ನಿಂತ ಸದ್ದು ಹೊರಗೂ ಕೇಳಿಸಿತು.

ಆಮೇಲೆ ಕಾಯುವುದು.

ಐದು ನಿಮಿಷ. ಹತ್ತು ನಿಮಿಷ. ಸುಣ್ಣ ಸುಣ್ಣದಂತೇ ಇತ್ತು. ಜನರಲ್ಲಿ ಗುಸುಗುಸು ಎದ್ದಿತು. "ಬರ್ತೈತಿ" ಎಂದು ಒಬ್ಬ. "ಎಲ್ಲಿ ಬರ್ತೈತಿ, ಆ ಮುದುಕಿಗೆ ಬಿಸಿಲು ಹತ್ತೇತಿ" ಎಂದು ಇನ್ನೊಬ್ಬ. ಕಾಲು ಗಂಟೆಯಾಯಿತು. ಓಬಳೇಶ ಗಡಿಯಾರ ನೋಡಿ ಸಿಗರೇಟು ತೆಗೆದ. "ಡೀಸೆಲ್ ಐತಲೇ, ದೂರ ಹೋಗಿ ಸೇದು!" ಎಂದು ನಾಲ್ಕು ಜನ ಒಟ್ಟಿಗೆ ಅರಚಿದರು. ಅವನು ಸಿಗರೇಟು ಜೇಬಿಗೆ ಹಾಕಿಕೊಂಡು ನಕ್ಕ. "ನೋಡ್ರಿ ಸರ, ಏನೂ ಇಲ್ಲ. ಲಾರಿ ಬಿಡಾಣೇನ್ರಿ?"

"ಪುಸ್ತಕದಾಗ ಇನ್ನೂ ಹೊತ್ತಿದೆ" ಎಂದ ಹಾಲಸ್ವಾಮಿ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಿಸಿಲಿನಲ್ಲಿ ನಿಂತು ಸುಣ್ಣದಿಂದ ಒಂದು ಮೊಳ ದೂರದಲ್ಲಿ ಮುಖ ಇಟ್ಟಿದ್ದ.

ಫಕೀರಬಿಗೆ ಚುಕ್ಕೆ ಬರಲಿ ಎಂದು ಬೇಡುವುದೋ, ಬರದಿರಲಿ ಎಂದು ಬೇಡುವುದೋ ತಿಳಿಯಲಿಲ್ಲ. ಬರದಿದ್ದರೆ ಮಗನ ಬೆಸುಗೆ ಗೆದ್ದಂತೆ, ಲಾರಿ ಹೋದಂತೆ. ಆದರೆ ಇವತ್ತು ಬರದೆ ಅಲ್ಲಿಗೆ ಹೋದ ಮೇಲೆ ಬಂದರೆ? ಮೂವತ್ತೈದು ವರ್ಷ ಸುಣ್ಣ ನೋಡಿದ ಕಣ್ಣು ಅವಳದು. ಆ ಕಣ್ಣನ್ನು ಅವಳು ಮಿಟುಕಿಸಲಿಲ್ಲ.

ಇಪ್ಪತ್ತೆರಡನೇ ನಿಮಿಷಕ್ಕೆ ಬಿಳಿಯ ನಡುವೆ ಒಂದು ಸಾಸಿವೆ ಕಾಳಿನಷ್ಟು ಕಪ್ಪು ಮೂಡಿತು.

"ಬಂತು!" ಹಾಲಸ್ವಾಮಿ ಚೀರಿದ. ಅವನು ಅಷ್ಟು ಜೋರಾಗಿ ಕೂಗಬಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಸಾಸಿವೆ ಹೆಸರುಕಾಳಾಯಿತು, ಹೆಸರುಕಾಳು ರೂಪಾಯಿಯ ಅಗಲವಾಯಿತು. ಜನ ಹೋ ಎಂದು ಕೇಕೆ ಹಾಕಿದರು. ಯಾರೋ ಶಿಳ್ಳೆ ಹೊಡೆದರು. ಸೋಮಪ್ಪ ತಲೆಯ ಟವೆಲ್ ತೆಗೆದು ಗಾಳಿಗೆ ಎಸೆದ. "ಮುದುಕಿ ಗೆದ್ದಳಲೇ!" ಎಂದು ಬಿಸಿಲು ಹತ್ತಿದೆ ಅಂದವನೇ ಎಲ್ಲರಿಗಿಂತ ಜೋರಾಗಿ ಕೂಗಿದ. ಸರ್ಫರಾಜ ಬಗ್ಗಿ ಕಪ್ಪಿನ ಮೇಲೆ ಬೆರಳೊತ್ತಿದ. ಬೆರಳಿಗೆ ಕೆಂಪು ಪುಡಿ ಮೆತ್ತಿಕೊಂಡು ಬಂತು. ದಾರಿಯ ಕುಲುಕಾಟಕ್ಕೇ ತುಕ್ಕು ಬಿಟ್ಟಿತ್ತು. ಇನ್ನು ಎರಡು ದಿನದ ದಾರಿ ಬಾಕಿ ಇತ್ತು.

"ಇಷ್ಟಕ್ಕೆಲ್ಲಾ ಸ್ಥಾವರ ಸುಟ್ಟು ಹೋಗ್ತಿತ್ತೇನ್ರಿ?" ಓಬಳೇಶ ಇನ್ನೂ ಬಿಡಲಿಲ್ಲ. "ಅಲ್ಲಿ ಇಂಥಾ ಟಾಂಕಿ ಹಲವು ಇರ್ತಾವ ಸರ. ಒಂದು ಹೋದ್ರ ಇನ್ನೊಂದು."

"ಆ ಇನ್ನೊಂದನ್ನ ಯಾರು ನೋಡ್ಯಾರಪ್ಪ?" ಎಂದಳು ಫಕೀರಬಿ. ಆಮೇಲೆ ಹಾಲಸ್ವಾಮಿಯ ಕಡೆ ತಿರುಗಿದಳು. "ನಮ್ಮ ಶೆಡ್ಡಿನ ಮಾತು ಬಿಡ್ರಿ ಸಾಹೇಬ್ರ. ಉಳಿದ ಮೂವತ್ತೊಂದು ಶೆಡ್ಡಿನಾಗ ಸುಣ್ಣ ಹಚ್ಚೋರು ಯಾರದಾರ? ಅಲ್ಲೂ ಮುಂಚೇನ ರುಜು ಹಾಕಿ ಇಟ್ಟೀರೇನು?"

ಗದ್ದಲ ತಣ್ಣಗಾಯಿತು. ಹಾಲಸ್ವಾಮಿ ಓಬಳೇಶನ ಕೈಯಿಂದ ಕಡತ ತೆಗೆದುಕೊಂಡು ಜೀಪಿನ ಮೂತಿಯ ಮೇಲೆ ಇಟ್ಟು ಬರೆಯತೊಡಗಿದ. ತನ್ನ ರುಜುವಿನ ಮೇಲೆ ಅಡ್ಡಗೆರೆ ಎಳೆದ. ಕೆಳಗೆ ದಿನ, ಊರು, ಹೊತ್ತು ಬರೆದು, ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದ: "ಈ ಟಾಂಕಿಯನ್ನು ನಾನು ನೋಡದೆ ರುಜು ಹಾಕಿದ್ದೆ. ಇವತ್ತು ನೋಡಿದೆ. ಸೋರುತ್ತದೆ. ತಿರಸ್ಕರಿಸಿದ್ದೇನೆ. ನನಗೆ ವಹಿಸಿದ ಇನ್ನೂ ಮೂವತ್ತೊಂದು ಕಡೆ ಮರುಪರೀಕ್ಷೆ ಆಗಬೇಕು. ಒಬ್ಬನಿಂದ ಆಗುವ ಕೆಲಸ ಅಲ್ಲ."

"ಸರ, ನಿಮ್ಮ ಕಾಲ ಮ್ಯಾಲೆ ನೀವೇ ಕಲ್ಲು ಹಾಕ್ಕೊಂಡ್ರಿ" ಎಂದ ಓಬಳೇಶ. ಅವನ ದನಿಯಲ್ಲಿ ಈಗ ಕೋಪಕ್ಕಿಂತ ಗಾಬರಿ ಹೆಚ್ಚಿತ್ತು.

"ಹಾಕ್ಕೊಂಡೆ. ನೋವು ಆಮೇಲೆ ನೋಡೋಣ. ಸೋಮಪ್ಪ, ಲಾರಿ ತಿರುಗಿಸು."

ಲಾರಿ ಕೊಟ್ಟೂರಿಗೆ ಬರುವಷ್ಟರಲ್ಲಿ ಸುದ್ದಿ ಅದಕ್ಕಿಂತ ಮುಂಚೆ ಬಂದಿತ್ತು. ಮರುದಿನ ಪುಣ್ಯಕ್ಕೆ ಕರೆಂಟು ಇತ್ತು. ಸರ್ಫರಾಜ ಟಾಂಕಿಯ ಡೀಸೆಲ್ ಪೂರ್ತಿ ಬಸಿದು, ತೊಳೆದು ಒಣಗಿಸಿ, ಗ್ರೈಂಡರ್ ಹಿಡಿದು ತಳದ ಬೆಸುಗೆಯನ್ನು ಪೂರ್ತಿ ತೆಗೆದು, ಹೊಸದಾಗಿ ಹಾಕಿದ. ಯಾರೂ ಹೇಳದೆಯೇ ನವಸಾಗರದ ಬಟ್ಟಲನ್ನು ಹಿತ್ತಲಿನ ಕಲ್ಲಿಗೆ ಬಡಿದು ಚೂರು ಮಾಡಿದ. ಅದರ ಮರುದಿನ ಬೆಳಿಗ್ಗೆಯೇ ಹಾಲಸ್ವಾಮಿ ಬೇರೆ ಕೆಲಸವನ್ನೆಲ್ಲ ಬಿಟ್ಟು ಬಂದು ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಕೂತ. ಫಕೀರಬಿ ಸುಣ್ಣ ಬಳಿದಳು, ಎಣ್ಣೆ ಹಚ್ಚಿದಳು. ಇಬ್ಬರೂ ಸಂಜೆಯವರೆಗೂ ಕೂತರು. ಉಜ್ಜಿನಪ್ಪ ಮೂರು ಸಲ ಚಹಾ ತಂದು, ಮೂರು ಸಲವೂ "ಹಾರಿತೇನ್ರಿ?" ಎಂದು ಕೇಳಿ ಹೋದ.

ಹೊತ್ತು ಇಳಿದಾಗ ಸುಣ್ಣ ಬೆಳ್ಳಗೇ ಇತ್ತು. ಸರ್ಫರಾಜ ತಾಯಿಯ ಕಡೆ ನೋಡಿದ. ಫಕೀರಬಿ ಡಬ್ಬಿಗೆ ಬೆರಳು ಅದ್ದಿದವಳು ಮಧ್ಯದಲ್ಲೇ ನಿಲ್ಲಿಸಿ, ಬ್ಯಾಟರಿ ದೀಪವನ್ನು ಹಾಲಸ್ವಾಮಿಯ ಕೈಗೆ ಕೊಟ್ಟಳು.

"ಮೊದಲು ನೀವು ನೋಡ್ರಿ. ಒಂದು ಸುತ್ತು, ಮೂಲಿಮೂಲಿ. ನನ್ನ ಕಣ್ಣು ನಂಬಬ್ಯಾಡ್ರಿ. ನನಗ ವಯಸ್ಸಾತು, ಮತ್ತ ಈ ಬೆಸುಗಿ ನನ್ನ ಮಗಂದು."

ಹಾಲಸ್ವಾಮಿ ಮಂಡಿಯೂರಿ, ಟಾಂಕಿಯ ಕೆಳಗೆ ತೂರಿ, ಅಂಗಿಯೆಲ್ಲ ಸುಣ್ಣ ಮಾಡಿಕೊಂಡು ಒಂದು ಸುತ್ತು ಬಂದ. ಹೊರಗೆ ಬಂದು "ಇಲ್ಲ" ಎಂದ. ಆಗ ಅವಳು ಮೂರು ಬೊಟ್ಟು ಇಟ್ಟಳು. ಅವನು ಆ ಮೂರರ ಪಕ್ಕದಲ್ಲಿ ತನ್ನ ಬೆರಳಿನಿಂದ ನಾಲ್ಕನೆಯದನ್ನು ಇಟ್ಟ. ಆಮೇಲೆ ಕಾಗದಕ್ಕೆ ರುಜು.

ಓಬಳೇಶ ಹದಿನೈದು ದಿನ ಈ ಕಡೆ ತಲೆ ಹಾಕಲಿಲ್ಲ. ಶೆಡ್ಡಿನಲ್ಲಿ ಮತ್ತೆ ನೀರಿನ ಟಾಂಕಿಯ ಕೆಲಸವೇ 'ಠಣ್ ಠಣ್' ಎನ್ನುತ್ತಿತ್ತು. ಸರ್ಫರಾಜ ರಸ್ತೆ ನೋಡುವುದನ್ನು ಬಿಟ್ಟಿದ್ದ. ಹದಿನಾರನೆಯ ದಿನ ಜೀಪು ಬಂತು. ಓಬಳೇಶನ ಜೊತೆ ಹಾಲಸ್ವಾಮಿ, ಅವನ ಹಿಂದೆ ಇಬ್ಬರು ಹೊಸ ಇನ್‌ಸ್ಪೆಕ್ಟರುಗಳು. ಮೂವತ್ತೊಂದರಲ್ಲಿ ನಾಲ್ಕು ಶೆಡ್ಡುಗಳಲ್ಲಿ ಚುಕ್ಕೆ ಬಂದಿತ್ತಂತೆ. ಹಾಲಸ್ವಾಮಿಗೆ ಒಂದು ನೋಟೀಸು ಸಿಕ್ಕಿತ್ತು, ಜೊತೆಗೆ ಈ ಇಬ್ಬರು ಸಿಕ್ಕಿದ್ದರು. ಮೂವರೂ ಸೇರಿದರೂ ಕೆಲಸಕ್ಕೆ ಸಾಲದು, ಆದರೆ ಒಬ್ಬನಿಗಿಂತ ಎಷ್ಟೋ ವಾಸಿ ಎಂದು ಅವನೇ ಹೇಳಿದ.

"ಎಂಟನೇದು ಶುರು ಮಾಡ್ರಿ ಬೂವಮ್ಮ" ಎಂದ ಓಬಳೇಶ, ನೆಲ ನೋಡುತ್ತ. "ಈ ಸಲ ಅವಸರ ಇಲ್ಲ."

"ಅವಸರ ಇದ್ರೂ ನನಗ ಕೇಳಂಗಿಲ್ಲ ಬಿಡಪ್ಪ, ಕಿವಿ ಮಂದ ಆಗ್ಯಾವ" ಎಂದಳು ಫಕೀರಬಿ.

ಹೊಸ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬ ಹುಬ್ಬೇರಿಸಿ ಸುಣ್ಣದ ಡಬ್ಬಿಯನ್ನು ನೋಡುತ್ತಿದ್ದ. ಅವಳು ಅವನ ಕೈಗೆ ಡಬ್ಬಿ ಕೊಟ್ಟು, ಗೋಣಿಚೀಲ ಕೊಡವಿ ಹಾಸಿದಳು. ರಸ್ತೆಯ ಆಚೆ ಲಾರಿ ನಿಲ್ಲಿಸಿಕೊಂಡಿದ್ದ ಸೋಮಪ್ಪ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಯವ್ವಾ, ಎಂಟನೇದು ಏರಿಸಿದ ಮ್ಯಾಲೆ ಬೆನ್ನು ಹತ್ತೋದಿದ್ರ ಈಗ್ಲೇ ಹೇಳಿಬಿಡು. ಪಾಲಮ್ಮ ನಿನಗೂ ಎರಡು ರೊಟ್ಟಿ ಜಾಸ್ತಿ ಬಡಿದಿಡ್ತಾಳಂತ!"